ಟರ್ನರ್ ಅಂಕಲ್ ಓದದೆ ಹೋದ ಹೆಸರು

ನಮ್ಮ ಕಾಲೇಜಿನಲ್ಲಿ ಸೋಮವಾರ ಬೆಳಿಗ್ಗೆ ಬಾತ್‌ರೂಮುಗಳನ್ನು ಆಸಿಡ್ ಹಾಕಿ ತೊಳೆಯುತ್ತಾರೆ. ಆ ವಾಸನೆ ಕಾರಿಡಾರ್ ದಾಟಿ ಇತಿಹಾಸ ವಿಭಾಗದ ನನ್ನ ಮೇಜಿನವರೆಗೂ ಬರುತ್ತದೆ. ಮೂಗಿಗೆ ಚುರ್ರೆಂದು ಹತ್ತಿ ಗಂಟಲಲ್ಲಿ ಕೂತುಬಿಡುವ ವಾಸನೆ. ಉಳಿದವರು ಕಿಟಕಿ ತೆಗೆದು ಫ್ಯಾನ್ ಜೋರು ಮಾಡಿಕೊಂಡು ಸುಮ್ಮನಾಗುತ್ತಾರೆ. ನಾನು ಮಾತ್ರ ಏನೋ ಒಂದು ನೆಪ ಹೇಳಿ ಹೊರಗೆ ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ.

ಹೋದ ಸೋಮವಾರ ಹಾಗೆ ನಿಂತಿದ್ದಾಗ ಎರಡನೇ ವರ್ಷದ ಬಿ.ಎ. ಹುಡುಗಿಯೊಬ್ಬಳು ಹುಡುಕಿಕೊಂಡು ಬಂದಳು. "ಮೇಡಂ, ನಾನು ಮುಂದೆ ಆರ್ಕಿಯಾಲಜಿ ಮಾಡ್ಬೇಕು ಅಂತಿದೀನಿ. ಎಲ್ಲಾದ್ರೂ ವಾಲಂಟಿಯರ್ ಕೆಲ್ಸ ಕೊಡ್ಸ್ತೀರಾ? ಸಂಬಳ ಗಿಂಬಳ ಏನೂ ಬೇಡ. ಕೊನೇಲಿ ಒಂದು ಎಕ್ಸ್‌ಪೀರಿಯೆನ್ಸ್ ಲೆಟರ್ ಸಿಕ್ರೆ ಸಾಕು" ಅಂದಳು. ಅವಳ ವಯಸ್ಸಿನಲ್ಲಿ ನಾನೂ ಹೆಚ್ಚುಕಡಿಮೆ ಇದೇ ಮಾತುಗಳನ್ನು ಹಿಡಿದುಕೊಂಡು ಊರೆಲ್ಲ ಸುತ್ತಿದ್ದೆ. "ಮುಂದಿನ ವಾರ ಬಾಮ್ಮ, ನೋಡೋಣ" ಎಂದು ಸಾಗಹಾಕಿದೆ. ಅವಳ ಮುಖ ಸಣ್ಣದಾಯಿತು. ಪಾಪ, ನನಗೆ ಇಷ್ಟವಿಲ್ಲ ಎಂದುಕೊಂಡಿರಬೇಕು. ಅವಳಿಗೆ ಟರ್ನರ್ ಅಂಕಲ್ ವಿಷಯ ಗೊತ್ತಿಲ್ಲವಲ್ಲ.

ಆಗ ನಾವು ನಾಗಸಂದ್ರದಲ್ಲಿದ್ದೆವು. ತುಮಕೂರು ರಸ್ತೆಯ ಮೇಲೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಕೊಪ್ಪಳದ ಕಡೆಯಿಂದ ಬಂದ ನನ್ನ ಅಪ್ಪ ಪೀಣ್ಯದಲ್ಲಿ ಕಬ್ಬಿಣಕ್ಕೆ ಹೊಳಪಿನ ಲೇಪ ಹಾಕುವ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ತುಕ್ಕು ಹಿಡಿದ ಕಬ್ಬಿಣದ ಸಾಮಾನುಗಳನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ, ವೈರ್ ಬ್ರಷ್ಷಿನಲ್ಲಿ ತಿಕ್ಕಿ, ಫಳಫಳ ಮಾಡಿ ಮುಂದಿನವರಿಗೆ ದಾಟಿಸುವುದು ಅವನ ಕೆಲಸ. ಅವ್ವ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಸಾಲುಮನೆಗಳ ಆ ಕಟ್ಟಡದಲ್ಲಿ ನಮ್ಮದು ಕೆಳಗಿನ ಮನೆ. ಮೇಲಿನ ಮನೆಯಲ್ಲಿ ಟರ್ನರ್ ಅಂಕಲ್ ಮತ್ತು ಅವರ ಹೆಂಡತಿ ಇದ್ದರು. ಅಂಕಲ್ ಒಂದೇ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಟರ್ನರ್ ಆಗಿ ಲೇತ್ ಮಶೀನ್ ಓಡಿಸಿ ನಿವೃತ್ತರಾದವರು. ಬೀದಿಗೆ ಬೀದಿಯೇ ಅವರನ್ನು ಹಾಗೆ ಕರೆಯುತ್ತಿತ್ತು.

ನಮಗೆ ಪರಿಚಯವಾದದ್ದು ಜಗಳದಿಂದ. ಒಂದು ಭಾನುವಾರ ಅವ್ವ ತಾರಸಿಯ ಮೇಲೆ ಒಣಹಾಕಿದ್ದ ನನ್ನ ಬಿಳಿ ಚೂಡಿದಾರಕ್ಕೆ ಕಪ್ಪು ಮಸಿ ಮೆತ್ತಿಕೊಂಡಿತ್ತು. ನೋಡಿದರೆ ಪಕ್ಕದ ಹಗ್ಗದಲ್ಲಿ ಕ್ಲಿಪ್ಪು ಹಾಕಿ ಟರ್ನರ್ ಅಂಕಲ್ ಉದ್ದುದ್ದ ಕಪ್ಪು ಕಾಗದಗಳನ್ನು ತೂಗುಬಿಟ್ಟಿದ್ದರು. "ಬಟ್ಟಿ ಒಣಾ ಹಾಕೂ ಜಾಗಾದಾಗ ಇದೇನ್ರೀ ನಿಮ್ದು?" ಎಂದು ಅವ್ವ ಗಂಟಲು ಏರಿಸಿದಳು. ನಾನು ಆ ಕಾಗದದ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಕಪ್ಪಿನ ನಡುವೆ ಬೆಳ್ಳಗೆ ಹಳಗನ್ನಡದ ಅಕ್ಷರಗಳು, ಕುದುರೆ ಮೇಲೆ ಕತ್ತಿ ಎತ್ತಿದ ಒಬ್ಬ ವೀರ... ನನ್ನ ಪಠ್ಯಪುಸ್ತಕದಲ್ಲಿ ಉಗುರಿನಷ್ಟು ದೊಡ್ಡದಾಗಿ ಛಾಪಿಸಿದ್ದ ವೀರಗಲ್ಲು ನಮ್ಮ ತಾರಸಿಯ ಮೇಲೆ ಬಟ್ಟೆಯ ಜೊತೆ ಗಾಳಿಗೆ ಆಡುತ್ತಿತ್ತು.

ಅದಕ್ಕೆ ಮುಂಚೆ ನಾನು ಅಲೆಯದ ಕಚೇರಿಯಿಲ್ಲ. ನಾನು ಸೇರಬೇಕೆಂದಿದ್ದ ಸ್ನಾತಕೋತ್ತರ ಕೋರ್ಸಿನ ಅರ್ಜಿಯಲ್ಲಿ ಕ್ಷೇತ್ರಕಾರ್ಯದ ಅನುಭವ ತೋರಿಸಬೇಕಿತ್ತು. ಒಂದು ಕಡೆ "ಅನುಭವ ಇದ್ದೋರ್ನ ಮಾತ್ರ ತಗೊಳ್ತೀವಿ" ಅಂದರು. ಅನುಭವಕ್ಕಾಗಿಯೇ ಬಂದಿದ್ದೀನಿ ಸಾರ್ ಅಂದರೆ "ಅದೇ ನೋಡಮ್ಮ ಪ್ರಾಬ್ಲಂ" ಎಂದು ನಕ್ಕರು. ಇನ್ನೊಂದು ಕಡೆ, ಉತ್ಖನನ ಈ ವರ್ಷ ಇಲ್ಲ, ಇದ್ದರೂ ಹೆಣ್ಣುಮಕ್ಕಳಿಗೆ ಟೆಂಟಿನ ವ್ಯವಸ್ಥೆ ಇಲ್ಲ ಅಂದರು. ನನ್ನ ಹಣೆಬರಹವೇ ಇಷ್ಟು ಎಂದು ಕೂತಿದ್ದವಳಿಗೆ ಮನೆಯ ತಲೆಯ ಮೇಲೇ ಶಾಸನ ಸಿಕ್ಕಿತ್ತು.

"ನನ್ನನ್ನೂ ಕರ್ಕೊಂಡ್ ಹೋಗ್ತೀರಾ ಅಂಕಲ್?" ಎಂದು ಕೇಳಿಯೇಬಿಟ್ಟೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಬಕೆಟ್ ಹೊರ್ತೀಯಾ?"

"ಹೊರ್ತೀನಿ."

"ಬಾ ಹಂಗಾದ್ರೆ. ಬೆಳಿಗ್ಗೆ ಆರಕ್ಕೆ. ಲೇಟಾದ್ರೆ ಬಿಟ್ಟು ಹೋಗ್ತೀನಿ ಕಣಮ್ಮ, ಆಮೇಲೆ ಅಳ್ಬಾರ್ದು."

ಅವರು ಯಾವ ಇಲಾಖೆಯವರೂ ಅಲ್ಲ. ತಾವೇ ಪುಸ್ತಕ ನೋಡಿ ಹಳೆಯ ಲಿಪಿ ಕಲಿತಿದ್ದರು. ಶಾಸನದ ಹುಚ್ಚಿರುವ ಏಳೆಂಟು ಜನರ ಒಂದು ಸಣ್ಣ ಬಳಗವಿತ್ತು, ಅದರಲ್ಲಿ ಇವರೂ ಒಬ್ಬರು. ಶೆಡ್ಡುಗಳ ಹಿಂದೆ, ಗೋಡೌನಿನ ಕಾಂಪೌಂಡಿನ ಮೂಲೆಯಲ್ಲಿ, ಟೀ ಅಂಗಡಿಯ ಮೆಟ್ಟಿಲಾಗಿ ಬಿದ್ದಿದ್ದ ಕಲ್ಲುಗಳನ್ನು ಹುಡುಕುವುದು, ತೊಳೆಯುವುದು, ಒದ್ದೆ ಕಾಗದ ಅಂಟಿಸಿ ಬ್ರಷ್ಷಿನಿಂದ ಪಟಪಟ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುವುದು. ತೆಂಗಿನ ನಾರಿನ ಒಂದು ಬ್ರಷ್ಷಿತ್ತು, ಅವರೇ ಕಟ್ಟಿದ್ದು. ಅದರ ಮರದ ಹಿಡಿಯನ್ನೂ ಲೇತಿನಲ್ಲಿ ತಿರುಗಿಸಿ ನುಣ್ಣಗೆ ಮಾಡಿದ್ದರು. ಕಬ್ಬಿಣ ಅನ್ನುವುದು ಕಲ್ಲಿನ ಹತ್ತಿರ ಸುಳಿಯಬಾರದು. "ಲೇತಲ್ಲಿ ಒಂದ್ ನೂಲಿನಷ್ಟು ಜಾಸ್ತಿ ಕೊರೆದ್ರೆ ಆ ಪೀಸೇ ರಿಜೆಕ್ಟು. ತೆಗೆದಿದ್ದನ್ನ ಮತ್ತೆ ಅಂಟ್ಸಕ್ಕಾಗಲ್ಲ. ಕಲ್ಲೂ ಅಷ್ಟೇ" ಅನ್ನುತ್ತಿದ್ದರು. ಎಷ್ಟು ಸಲ ಅಂದಿದ್ದರೋ... ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದು ತಲೆಗೆ ಇಳಿದಿರುತ್ತದೆ ಎಂದೇನೂ ಇಲ್ಲ, ಅದಕ್ಕೆ ನಾನೇ ಸಾಕ್ಷಿ.

ಎಲ್ಲ ಕಲ್ಲುಗಳೂ ಒಂದು ತೂಕವಾದರೆ ಒಬ್ಬ ಅಜ್ಜಿಯ ಮನೆಯ ಕಲ್ಲೇ ಒಂದು ತೂಕ. ತುಮಕೂರು ರಸ್ತೆಯಿಂದ ಒಳಗೆ ಒಂದು ಹಳೆಯ ಊರಿದೆ, ಈಗ ಅದರ ಸುತ್ತ ಬರೀ ಕಾರ್ಖಾನೆ. ಅಜ್ಜಿ ಅಲ್ಲಿಯ ರೈತಾಪಿ ಮನೆತನದವಳು. ಇದ್ದ ಹೊಲದಲ್ಲಿ ಬಾಡಿಗೆ ರೂಮುಗಳನ್ನು ಕಟ್ಟಿಸಿದ್ದಳು. ಆ ರೂಮುಗಳ ನಡುವಿನ ಅಂಗಳದಲ್ಲಿ ಎದೆಯೆತ್ತರದ ಶಾಸನದ ಕಲ್ಲು ನಿಂತಿತ್ತು. ಅಜ್ಜಿಗೆ ಅದು ಶಾಸನವಲ್ಲ, ಕಲ್ಲಪ್ಪ. ದಿನಾ ನೀರು ಹಾಕಿ ಕೈ ಮುಗಿಯುತ್ತಿದ್ದಳು. ವರ್ಷಕ್ಕೊಂದು ಸಲ ಕೆಳಗಿನ ಅರ್ಧಕ್ಕೆ ಸುಣ್ಣ ಬಳಿದು, ಆ ಸುಣ್ಣದ ಮೇಲೆ ಹಳದಿ ಬಣ್ಣ ಹಚ್ಚುವುದು ಅವಳ ಅತ್ತೆಯ ಕಾಲದಿಂದ ನಡೆದು ಬಂದ ಪದ್ಧತಿ.

ಮೇಲಿನ ಸಾಲುಗಳನ್ನು ಟರ್ನರ್ ಅಂಕಲ್ ಆಗಲೇ ಓದಿದ್ದರು. ಊರ ಮುಂದೆ ಕೆರೆ ಕಟ್ಟಿಸಿ ತೂಬು ಇಡಿಸಿದ ಒಬ್ಬನ ವಿಷಯ ಅದು. ಜೊಂಡು ಬೆಳೆದು ಅರ್ಧ ಮುಚ್ಚಿಹೋಗಿದ್ದ ಅದೇ ಕೆರೆ. 'ಈ ಕೆರೆಯಂ ಕಟ್ಟಿಸಿದಾತಂ' ಎನ್ನುವಲ್ಲಿಗೆ ಬಣ್ಣ ಶುರುವಾಗುತ್ತಿತ್ತು. ಕಟ್ಟಿಸಿದವನ ಹೆಸರು ಕೆಳಗಿನ ಮೂರು ಸಾಲುಗಳಲ್ಲಿ, ಸುಣ್ಣ ಬಣ್ಣಗಳ ಹಿಂದೆ ಇತ್ತು. ಅಂಕಲ್‌ಗೆ ಆ ಹೆಸರು ಬೇಕಿತ್ತು. "ನಾನು ಹುಟ್ಟಿದ್ದು ಪಕ್ಕದ ಊರಲ್ಲಿ ಕಣಮ್ಮ. ಈಜು ಕಲ್ತಿದ್ದು ಈ ಕೆರೇಲಿ. ಯಾರ್ ಕಟ್ಟಿಸ್ದ ಅಂತ ಗೊತ್ತಿಲ್ದೇ ಸಾಯ್ಬಾರ್ದು ಅನ್ಸುತ್ತೆ" ಎಂದಿದ್ದರು ಒಮ್ಮೆ. ನಗುತ್ತಲೇ ಹೇಳಿದ್ದರು, ಆದರೆ ಅದು ತಮಾಷೆಯ ಮಾತಾಗಿರಲಿಲ್ಲ.

ಬಣ್ಣ ಹಚ್ಚುವುದನ್ನು ನಿಲ್ಲಿಸಲು ಅಜ್ಜಿಯನ್ನು ಒಪ್ಪಿಸುವುದರಲ್ಲೇ ಅವರಿಗೆ ತಿಂಗಳುಗಳು ಹಿಡಿದಿದ್ದವು.

"ಬಣ್ಣ ಇಲ್ದಿದ್ರೆ ದ್ಯಾವ್ರು ಬೆತ್ಲೆ ನಿಂತಂಗಾಗಕಿಲ್ವೇನಪ್ಪಾ, ಟರ್ನರಪ್ಪಾ?" ಅಂತ ಅಜ್ಜಿಯ ತಕರಾರು.

"ಪಂಚೆ ಉಡ್ಸೋಣ ಬಿಡಕ್ಕ. ಹೊಸಾ ಹಳದಿ ಪಂಚೆ ನಾನೇ ತರ್ತೀನಿ."

ಹಾಗೆಯೇ ತಂದರು. ಅಜ್ಜಿ ಕಲ್ಲಿನ ಮೇಲೆ ಕೈಯಿಟ್ಟು ಮಾತು ಕೊಟ್ಟಳು, ಕಲ್ಲಪ್ಪನಾಣೆಗೂ ಇನ್ನು ಬಣ್ಣ ಮುಟ್ಟಿಸಲ್ಲ ಎಂದು. ಅಂದಿನಿಂದ ಪ್ರತಿ ಭಾನುವಾರ ನಮ್ಮ ಕೆಲಸ ಒಂದೇ. ಒದ್ದೆ ಗೋಣಿಚೀಲ ಕಲ್ಲಿಗೆ ಹೊದಿಸಿ ಕೂರುವುದು, ಎರಡು ಗಂಟೆ ಬಿಟ್ಟು ತೆಗೆದು ಮೆತ್ತಗಾದ ಬಣ್ಣವನ್ನು ಬಿದಿರಿನ ಕಡ್ಡಿಯಿಂದ ಎಬ್ಬಿಸುವುದು. ಒಂದು ಭಾನುವಾರಕ್ಕೆ ಮೇಲಿನ ಒಂದು ಪದರ ಅಂಗೈಯಗಲ ಬಂದರೆ ಹಬ್ಬ. ಕಾಯುವಾಗ ಅಜ್ಜಿ ಮುದ್ದೆ, ಉಪ್ಪುಸಾರು ಕೊಡುತ್ತಿದ್ದಳು. ಇಬ್ಬರೂ ಅಕ್ಕತಮ್ಮಂದಿರ ಹಾಗೆ ಕಿತ್ತಾಡಿಕೊಂಡು ಊರಿನ ಹಳೆಯ ಕಥೆ ಹೇಳುತ್ತಿದ್ದರು. ನನಗೋ ಒಳಗೊಳಗೇ ಕುದಿತ. ಅರ್ಜಿ ಹಾಕಲು ಉಳಿದಿದ್ದು ಮೂರೇ ವಾರ. 'ನಾನು ಭಾಗವಹಿಸಿ ಓದಿದ ಒಂದು ಶಾಸನ' ಎಂದು ಬರೆಯಬೇಕಿತ್ತು. ಈ ಲೆಕ್ಕದಲ್ಲಿ ಹೆಸರು ಹೊರಬೀಳುವ ಹೊತ್ತಿಗೆ ನನ್ನ ಮದುವೆಯಾಗಿ ಮಕ್ಕಳಾಗಿರುತ್ತವೆ ಅನ್ನಿಸುತ್ತಿತ್ತು.

ಒಂದು ದಿನ ಅಪ್ಪನಿಗೆ ಊಟ ಕೊಡಲು ಶೆಡ್ಡಿಗೆ ಹೋಗಿದ್ದೆ. ಗುರುತೇ ಸಿಗದಷ್ಟು ತುಕ್ಕು ಹಿಡಿದ ಒಂದು ಕಬ್ಬಿಣದ ಪಟ್ಟಿ ತೊಟ್ಟಿಗೆ ಇಳಿಯಿತು, ಮೇಲೆ ಬಂತು, ಅಪ್ಪ ನಾಲ್ಕು ಸಲ ವೈರ್ ಬ್ರಷ್ ಎಳೆದ. ಅದರ ಮೇಲೆ ಕೊರೆದಿದ್ದ ನಂಬರು ಫಕ್ಕನೆ ಕಾಣಿಸಿತು. "ನೋಡವಾ, ಇದಕ್ಕಿಂತ ಚಲೋ ಔಷಧ ಇಲ್ಲ" ಎಂದು ಅಪ್ಪ ಹೆಮ್ಮೆಯಿಂದ ನಕ್ಕ. ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು. ಪೀಣ್ಯದಲ್ಲಿ ಬೆಳೆದ ಹುಡುಗಿಗಲ್ಲದೆ ಇನ್ಯಾರಿಗೆ ಬರುತ್ತಿತ್ತು ಅಂಥ ಬುದ್ಧಿ!

ಆ ವಾರ ಅಜ್ಜಿ ತಿರುಪತಿಗೆ ಹೋಗಿದ್ದಳು. ಗುರುವಾರ ಮಧ್ಯಾಹ್ನ ಬಾಡಿಗೆಯವರೆಲ್ಲ ಶಿಫ್ಟಿಗೆ ಹೋಗಿದ್ದ ಹೊತ್ತು ನೋಡಿ ನಾನು ಗೇಟು ತೆಗೆದೆ. ಬ್ಯಾಗಿನಲ್ಲಿ ಅಪ್ಪನ ಶೆಡ್ಡಿನಿಂದ ನೀರಿನ ಬಾಟಲಿಗೆ ತುಂಬಿಸಿಕೊಂಡು ಬಂದ ಆಸಿಡ್, ಅಪ್ಪನ ಹಳೆಯ ವೈರ್ ಬ್ರಷ್. ಕಲ್ಲಪ್ಪನ ಪಂಚೆ ಬಿಚ್ಚಿ ಬಾಟಲಿ ಬಗ್ಗಿಸಿದೆ. ಬುಸ್ಸೆಂದು ನೊರೆ ಎದ್ದು, ಸುಣ್ಣ ಕರಗಿ, ಬಣ್ಣ ಚಕ್ಕೆಚಕ್ಕೆಯಾಗಿ ಜಾರಿತು. ಹಿಂದೆಯೇ ಎರಡು ಅಕ್ಷರ ಕಾಣಿಸಿತು. 'ಮಾ', ಅದರ ಪಕ್ಕ 'ರ'. ಸ್ಪಷ್ಟವಾಗಿ, ನಿನ್ನೆ ಬರೆದ ಹಾಗೆ. ಸಂತೋಷಕ್ಕೆ ಕೂಗಿಕೊಂಡೆನೇನೋ. ಮುಂದಿನದು ಮಸುಕಾಗಿತ್ತು. ವೈರ್ ಬ್ರಷ್ ತೆಗೆದುಕೊಂಡು ಎಳೆದೆ, ಇನ್ನೂ ಜೋರಾಗಿ ಎಳೆದೆ. ವರ್ಷಾನುವರ್ಷ ಬಣ್ಣದಡಿ ನೀರು ಕುಡಿದು ಪೊಳ್ಳಾಗಿದ್ದ ಕಲ್ಲಿನ ಮೈ ಹಪ್ಪಳದ ಹಾಗೆ ಎದ್ದು ಬಂತು. ಅಕ್ಷರಗಳು ಇದ್ದದ್ದು ಆ ಹಪ್ಪಳದ ಮೇಲೆಯೇ. ಕೈ ನಿಲ್ಲಿಸುವಷ್ಟರಲ್ಲಿ ಮೂರು ಸಾಲೂ ಹೋಗಿದ್ದವು. 'ಮಾರ'ವೂ ಹೋಗಿತ್ತು. ಕಾಲಬುಡದಲ್ಲಿ ಒಂದಿಷ್ಟು ಒದ್ದೆ ಪುಡಿ ಬಿದ್ದಿತ್ತು. ನಾನು ಅದನ್ನು ಕೈಯಲ್ಲಿ ಬಾಚಿ, ಏನು ಮಾಡಬೇಕೆಂದು ತಿಳಿಯದೆ, ಚರಂಡಿಗೆ ಹಾಕಿ, ಪಂಚೆ ಮತ್ತೆ ಉಡಿಸಿ ಓಡಿಬಂದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಎಂದಿನಂತೆ ಬಕೆಟ್ ಹೊತ್ತು ಅಂಕಲ್ ಹಿಂದೆ ನಡೆದೆ. ಜ್ವರ ಅಂತ ಹೇಳಿ ಮನೆಯಲ್ಲೇ ಉಳಿಯಬಹುದಿತ್ತು. ಬರದಿದ್ದರೆ ಸಂಶಯ ಬರುತ್ತದೆಂದು ಹೋದೆ. ಅಂಥ ಲೆಕ್ಕಾಚಾರಕ್ಕೆಲ್ಲ ತಲೆ ಚೆನ್ನಾಗಿಯೇ ಓಡುತ್ತಿತ್ತು.

ಹಿಂದಿನ ದಿನವಷ್ಟೇ ತಿರುಪತಿಯಿಂದ ವಾಪಸಾಗಿದ್ದ ಅಜ್ಜಿ ಲಾಡು ಹಿಡಿದು ಬಂದಳು. ಅಂಕಲ್ ಕಲ್ಲಿನ ಪಂಚೆ ಬಿಚ್ಚಿದರು. ಬೆಳ್ಳಗೆ ಸುಲಿದುಹೋಗಿದ್ದ ಜಾಗದ ಮೇಲೆ ಬೆರಳು ಆಡಿಸಿದರು, ಬೆರಳನ್ನು ಮೂಗಿಗೆ ಹಿಡಿದರು. ಆಮೇಲೆ ನಿಧಾನವಾಗಿ ತಿರುಗಿ ಕೇಳಿದರು, "ಯಾಕಕ್ಕ ಹಿಂಗ್ ಮಾಡ್ಸ್‌ಬಿಟ್ರಿ?"

"ನಾನೇನ್ ಮಾಡ್ಸ್‌ದೆ?"

"ಬಣ್ಣ ಹೊಡ್ಸೋಕೆ ಹಳೇದು ತೆಗ್ಸಿದೀರಿ. ಯಾವನೋ ಪೇಂಟರ್ ಕೈಲಿ ಆಸಿಡ್ ಹಾಕ್ಸಿದೀರಿ. ವಾಸ್ನೆ ಗೊತ್ತಾಗಲ್ವಾ ನಂಗೆ?"

"ಅಯ್ಯೋ ಸಿವನೇ! ಕಲ್ಲಪ್ಪನಾಣೆಗೂ ನಾನು ಮುಟ್ಟಿಲ್ಲ ಕಣಪ್ಪಾ. ನಾನು ಊರಲ್ಲೇ ಇರ್ಲಿಲ್ವಲ್ಲ."

"ಸುಳ್ಳು ಹೇಳ್ಬೇಡಿ!"

ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಬಾಡಿಗೆಯವರು ಬಾಗಿಲಿಗೆ ಬಂದು ನಿಂತರು. ಅಜ್ಜಿ ಲಾಡನ್ನು ಸೆರಗಿಗೆ ಕಟ್ಟಿಕೊಂಡಳು. "ದ್ಯಾವ್ರ ಮ್ಯಾಲ್ ಆಣೆ ಆಕಿದ್ದನ್ನ ನಂಬ್ದೋನು ನನ್ ಅಂಗ್ಳಕ್ಕೆ ಬರಬ್ಯಾಡ. ಓಗಪ್ಪಾ, ಓಗು" ಅಂದಳು. ಅಂಕಲ್ ಬ್ರಷ್ಷು, ಗೋಣಿ ಎಲ್ಲ ಅಲ್ಲೇ ಬಿಟ್ಟು ನಡೆದುಬಿಟ್ಟರು. ನಾನು ಬಕೆಟ್ ಹಿಡಿದು ನಿಂತೇ ಇದ್ದೆ. 'ನಾನು' ಎಂಬ ಎರಡೇ ಅಕ್ಷರ ಸಾಕಾಗಿತ್ತು. ನನ್ನ ಬಾಯಿಗೆ ಬರಲಿಲ್ಲ. ಬರಲಿಲ್ಲ ಅನ್ನುವುದೂ ಸುಳ್ಳೇ. ನಾನು ತರಲಿಲ್ಲ.

ಹತ್ತು ದಿನ ಕಳೆದು ಅವರು ನನ್ನನ್ನು ತಾರಸಿಗೆ ಕರೆದರು. ಬಳಗದ ಲೆಟರ್‌ಹೆಡ್ಡಿನ ಮೇಲೆ ತಾವೇ ಬರೆದು, ಹಿರಿಯರೊಬ್ಬರ ಸಹಿ ಹಾಕಿಸಿದ ಅನುಭವಪತ್ರ ಕೈಗಿಟ್ಟರು. 'ಈಕೆ ಕಲ್ಲಿನ ಮುಂದೆ ಕಾಯಬಲ್ಲ ಹುಡುಗಿ' ಎಂಬ ಒಂದು ಸಾಲು ಅದರಲ್ಲಿತ್ತು. ಓದಿ ನೆಲ ನೋಡಿದೆ. ನಾಚಿಕೊಂಡೆ ಎಂದುಕೊಂಡರೋ ಏನೋ.

"ಅಕ್ಕಂಗೆ ಹಂಗನ್ನಬಾರ್ದಿತ್ತು ಕಣಮ್ಮ" ಅಂದರು, ಹಗ್ಗದ ಕಡೆ ನೋಡುತ್ತ. "ಅವ್ರೇ ಮಾಡ್ಸಿದ್ರೂ ಅವ್ರ ದೇವ್ರು, ಅವ್ರಿಷ್ಟ. ನಂಗೆ ಸಿಟ್ಟು ಬಂದಿದ್ದು ಹೆಸರು ಹೋಯ್ತಲ್ಲಾ ಅಂತ. ಒಂದಕ್ಷರನಾದ್ರೂ ಸಿಕ್ಕಿದ್ರೆ..."

ಒಂದಲ್ಲ, ಎರಡು ಅಕ್ಷರ ನನ್ನ ಹತ್ತಿರ ಇದ್ದವು. ಆ ಹೊತ್ತು ಕೊಟ್ಟಿದ್ದರೆ ಅವರು ಬೈಯುತ್ತಿದ್ದರು, ಪತ್ರ ಕಿತ್ತುಕೊಳ್ಳುತ್ತಿದ್ದರು, ಆದರೆ ಹೆಸರಿನ ಅರ್ಧವಾದರೂ ಅವರದಾಗುತ್ತಿತ್ತು. ಅಕ್ಕನ ಹತ್ತಿರ ಓಡಿಹೋಗಿ ತಪ್ಪಾಯಿತೆಂದು ಕೈ ಹಿಡಿದುಕೊಳ್ಳುತ್ತಿದ್ದರು. ನಾನು "ಥ್ಯಾಂಕ್ಸ್ ಅಂಕಲ್" ಎಂದು ಪತ್ರ ಮಡಚಿಕೊಂಡು ಕೆಳಗಿಳಿದೆ.

ಪತ್ರ ಕೆಲಸ ಮಾಡಿತು. ಧಾರವಾಡಕ್ಕೆ ಓದಲು ಹೋದೆ. ರಜೆಗೆ ಬಂದಾಗ ಅಂಕಲ್ ಎದುರಾದರೆ ಪರೀಕ್ಷೆ, ಪ್ರಾಜೆಕ್ಟು ಎಂದು ಬಡಬಡಿಸಿ ತಪ್ಪಿಸಿಕೊಳ್ಳುತ್ತಿದ್ದೆ. ಎರಡನೇ ವರ್ಷದಲ್ಲಿ ಒಂದು ದಿನ ಅವ್ವ ಫೋನು ಮಾಡಿದಳು. "ಮ್ಯಾಲಿನ ಮನಿ ಅಂಕಲ್ ಹೋಗಿಬಿಟ್ರವಾ. ನಿದ್ದಿಯಾಗ..." ಪರೀಕ್ಷೆ ಇತ್ತು, ಹೋಗಲಿಲ್ಲ. ಪರೀಕ್ಷೆ ಇಲ್ಲದಿದ್ದರೂ ಹೋಗುತ್ತಿದ್ದೆನೇ ಎಂದು ಈಗಲೂ ಗೊತ್ತಿಲ್ಲ.

ಈ ಭಾನುವಾರ, ಆ ಹುಡುಗಿಗೆ ಹೇಳಿದ 'ಮುಂದಿನ ವಾರ' ಹತ್ತಿರವಾದಾಗ, ಮೆಟ್ರೊ ಹತ್ತಿ ನಾಗಸಂದ್ರದಲ್ಲಿಳಿದೆ. ಅಜ್ಜಿಯ ರೂಮುಗಳಿದ್ದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಕಲ್ಲಪ್ಪ ಪಾರ್ಕಿಂಗಿನ ಪಕ್ಕದಲ್ಲಿ ಹಳದಿ ಪಂಚೆ ಉಟ್ಟು ನಿಂತಿದ್ದ. ಬಣ್ಣವಿರಲಿಲ್ಲ. ಅಜ್ಜಿ ಗೇಟಿನೆದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು, ಬಾಗಿ ಅರ್ಧವಾಗಿದ್ದಳು. ಗುರುತು ಹೇಳಿಕೊಂಡೆ.

"ಬಕೆಟ್ ಉಡ್ಗಿ!" ಎಂದು ನನ್ನ ಕೈ ಹಿಡಿದು ಕೂರಿಸಿದಳು. "ಟರ್ನರಪ್ಪ ಓಗ್ಬುಟ್ನಂತಲ್ಲವ್ವಾ. ಸಾಯೋಕ್ ಮುಂಚೆ ಒಂದಪ ಬಂದಿದ್ದ ಕಣವ್ವಾ. ಗೇಟತ್ರ ನಿಂತ್ಕಂಡು ಅಕ್ಕಾ ಅಕ್ಕಾ ಅಂತ ಕೂಗ್ದ. ನಾನು ಒಳ್ಗೇ ಇದ್ದೆ. ಬಾಗ್ಲು ತೆಗೀನಿಲ್ಲ. ಬ್ರಸ್ಸು ಕೇಳಕ್ ಬಂದವ್ನೇನೋ ಅಂದ್ಕಂಡೆ. ಎಂಗಾದ್ರೂ ಇನ್ನೊಂದಪ ಬತ್ತಾನೆ, ಆಗ ಕೊಟ್ರಾಯ್ತು ಅಂತ ಸುಮ್ಕಾದೆ. ಬರ್ನೇ ಇಲ್ಲ."

ಒಳಗೆ ಹೋಗಿ ಬ್ರಷ್ಷು ತಂದು, ಮತ್ತೆ ನನ್ನ ಕೈ ಹಿಡಿದು ಕೂತಳು. ನಾರು ಉದುರಿಹೋಗಿತ್ತು. ಹಿಡಿ ಮಾತ್ರ ಹಾಗೆಯೇ ನುಣ್ಣಗಿತ್ತು. ಅವರು ಬಂದದ್ದು ಬ್ರಷ್ಷಿಗಲ್ಲ ಎಂದು ನನಗೆ ಗೊತ್ತಿತ್ತು. ಇನ್ನು ತಡೆಯಲಾಗಲಿಲ್ಲ.

"ಅಜ್ಜಿ, ಆಸಿಡ್ ಹಾಕಿದ್ದು ನಾನು. ಅವ್ರಿಗೆ ಗೊತ್ತಿರಲಿಲ್ಲ. ಅವ್ರು ನಿಮ್ಮತ್ರ ತಪ್ಪಾಯ್ತು ಅನ್ನೋಕೆ ಬಂದಿದ್ರು. ಕೆರೆ ಕಟ್ಟಿಸ್ದೋನ ಹೆಸರಲ್ಲಿ ಎರಡಕ್ಷರ ನಾನು ನೋಡಿದ್ದೆ. ಮಾರ ಅಂತಿತ್ತು. ಮುಂದಿಂದು ನಾನೇ ಕೆರೆದು ಹಾಕ್ದೆ."

ಬೈಯಲಿ ಎಂದು ಕಾದೆ. ನನ್ನ ಕೈ ಹಿಡಿದಿದ್ದ ಅವಳ ಕೈ ಮೆಲ್ಲಗೆ ಬಿಟ್ಟುಕೊಂಡಿತು.

"ನಂಗ್ ಬಂದ್ ಯೋಳ್ತೀಯಾ ಈಗ?" ಅಂದಳು. "ಅವನ್ಗ್ ಯೋಳ್ಬೇಕಾಗಿತ್ತು ಕಣವ್ವಾ."

ಆಮೇಲೆ ಕುರ್ಚಿಯಲ್ಲಿ ಸ್ವಲ್ಪ ತಿರುಗಿ, ಮುಚ್ಚಿದ್ದ ಗೇಟಿನ ಕಡೆ ಮುಖ ಮಾಡಿ, ಅಲ್ಲಿ ಯಾರೋ ನಿಂತಿರುವಂತೆ ಕೂಗಿ ಹೇಳಿದಳು.

"ಟರ್ನರಪ್ಪಾ, ಮಾರ ಅಂತೆ ಕಣಪ್ಪಾ. ಕೇಳುಸ್ತಾ?"

ಬ್ರಷ್ಷನ್ನು ಅಜ್ಜಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ನಾಳೆ ಸೋಮವಾರ. ಆ ಹುಡುಗಿ ಬರುತ್ತಾಳೆ, ಕಾರಿಡಾರಿನಲ್ಲಿ ಆ ವಾಸನೆಯೂ ಇರುತ್ತದೆ. ಅವಳನ್ನು ಯಾವುದಾದರೂ ಕಲ್ಲಿನ ಹತ್ತಿರ ಕರೆದುಕೊಂಡು ಹೋಗುವ ಮುಂಚೆ ಇದನ್ನೆಲ್ಲ ಹೇಳಬೇಕು ಅಂದುಕೊಂಡಿದ್ದೇನೆ. ಕೇಳಿದ ಮೇಲೂ ನನ್ನ ಕೈಯಿಂದಲೇ ಪತ್ರ ಬೇಕು ಅಂದರೆ, ಬರೆದುಕೊಡುತ್ತೇನೆ.